ಲೇಯರ್ ಸೆಟ್ಟಿಂಗ್‌ಗಳನ್ನು ಪ್ರೀಸೆಟ್ ಮಾಡಿಟ್ಟುಕೊಳ್ಳುವುದು ಹೇಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ನೇರಪ್ರಸಾರದ ಪರದೆಯಲ್ಲಿ ಒಂದರ ಮೇಲೊಂದು ಜೋಡಿಸುವ ಕ್ಯಾಮೆರಾ, ಚಿತ್ರ, ಪಠ್ಯ ಒಂದೊಂದೂ ಒಂದು ಲೇಯರ್. ಒಮ್ಮೆ ಕೂತು ಹೊಂದಿಸಿದ ಬಾಕ್ಸ್, ಬಣ್ಣ, ಕ್ರಾಪ್ (ಅಂಚು ಕತ್ತರಿಸುವುದು) ಮುಂದಿನ ಕಾರ್ಯಕ್ರಮಕ್ಕೂ ಹಾಗೇ ಸಿಗಬೇಕು. ಎಲ್ಲರಿಗೂ ಬೇಕಿರುವುದು ಇಷ್ಟೇ. ಆದರೂ ಸಿಗುವುದಿಲ್ಲ. ಏಕೆಂದರೆ ಲೇಯರ್‌ನ ಜಾಗವನ್ನೂ ಅದರೊಳಗೆ ಬರುವ ಕ್ಯಾಮೆರಾವನ್ನೂ ಒಂದೇ ಗಂಟಿನಲ್ಲಿ ಕಟ್ಟಿ ಸೇವ್ ಮಾಡಿರುತ್ತೇವೆ, ಕ್ಯಾಮೆರಾ ಬದಲಾದ ದಿನ ಗಂಟೇ ಬಿಚ್ಚಿಹೋಗುತ್ತದೆ. ಕೆಳಗಿನ ಉತ್ತರಗಳು ಹೆಚ್ಚಾಗಿ ನೇರಪ್ರಸಾರದ ಸಾಫ್ಟ್‌ವೇರ್ ಆದ ಒಬಿಎಸ್ ಸ್ಟುಡಿಯೋ ಕುರಿತವು. ಅದೇ ಬಗೆಯ ವಿಮಿಕ್ಸ್ ಮತ್ತು ಮಿಮೋಲೈವ್ ಸಾಫ್ಟ್‌ವೇರ್, ಏಟೆಮ್ ಎಂಬ ವೀಡಿಯೊ ಸ್ವಿಚರ್ ಯಂತ್ರ ಬಳಸುವವರಿಗೂ ಬೇರೆ ಬೇರೆ ಉತ್ತರಗಳಿವೆ.

ಪ್ರೀಸೆಟ್ ಅಂದರೆ ಅದರಲ್ಲಿ ಏನೇನು ಸೇವ್ ಆಗುತ್ತದೆ?

ಒಂದು ಲೇಯರ್‌ಗೆ ನಾಲ್ಕು ಬಗೆಯ ಮಾಹಿತಿ ಅಂಟಿಕೊಂಡಿರುತ್ತದೆ. ಮೊದಲನೆಯದು ಜಾಗ: ಎಲ್ಲಿ ಕೂರಬೇಕು, ಎಷ್ಟು ದೊಡ್ಡದಿರಬೇಕು, ಎಷ್ಟು ಕ್ರಾಪ್, ಎಷ್ಟು ತಿರುಗಿಸುವುದು. ಎರಡನೆಯದು ರೂಪ: ಕ್ರೋಮಾ ಕೀ (ಹಸಿರು ಪರದೆ ತೆಗೆಯುವುದು), ಬಣ್ಣ ತಿದ್ದುಪಡಿ, ಮಾಸ್ಕ್ (ಚಿತ್ರದ ಭಾಗ ಮರೆಮಾಡುವುದು) ಮುಂತಾದ ಫಿಲ್ಟರ್‌ಗಳು. ಮೂರನೆಯದು ಒಳಗಿನ ಸರಕು, ಅಂದರೆ ಯಾವ ಕ್ಯಾಮೆರಾ, ಯಾವ ಫೈಲ್. ನಾಲ್ಕನೆಯದು ಸ್ಥಿತಿ: ಲೇಯರ್ ಆನ್ ಇದೆಯೋ ಆಫ್ ಇದೆಯೋ.

‘ಪ್ರೀಸೆಟ್’ ಎಂಬ ಪದವನ್ನು ಒಂದೊಂದು ಸಾಫ್ಟ್‌ವೇರ್ ಒಂದೊಂದು ಅರ್ಥದಲ್ಲಿ ಬಳಸುತ್ತದೆ. ವಿಮಿಕ್ಸ್‌ನಲ್ಲಿ ಪ್ರೀಸೆಟ್ ಅಂದರೆ ಎಲ್ಲ ಇನ್‌ಪುಟ್‌ಗಳೂ ಸೇರಿದ ಇಡೀ ಪ್ರಾಜೆಕ್ಟ್ ಫೈಲ್. ಒಬಿಎಸ್‌ನ ಮೆನುಗಳಲ್ಲಿ ಲೇಯರ್ ಪ್ರೀಸೆಟ್ ಎಂಬ ಹೆಸರೇ ಇಲ್ಲ. ಏಟೆಮ್‌ನಲ್ಲಿ ಅದೇ ಕೆಲಸಕ್ಕೆ ಮ್ಯಾಕ್ರೋ (ದಾಖಲಿಸಿಟ್ಟ ಕ್ರಿಯೆಗಳ ಸರಣಿ) ಇದೆ, ಸ್ವಿಚರ್ ಸ್ಥಿತಿಯ ಫೈಲೂ ಇದೆ. ಹಾಗಾಗಿ ಹೊಸ ಸಾಫ್ಟ್‌ವೇರ್ ಹಿಡಿದಾಗ ‘ಪ್ರೀಸೆಟ್ ಎಲ್ಲಿದೆ’ ಎಂದು ಹುಡುಕಬೇಡಿ. ಮೇಲಿನ ನಾಲ್ಕರಲ್ಲಿ ಯಾವುದು ಎಲ್ಲಿ ಸೇವ್ ಆಗುತ್ತದೆ ಎಂದು ನೋಡಿ.

ಒಬಿಎಸ್‌ನಲ್ಲಿ ಇವೆಲ್ಲ ಎಲ್ಲೆಲ್ಲಿ ಇರುತ್ತವೆ?

ಸೀನ್ ಅಂದರೆ ಪರದೆಯ ಒಂದು ಜೋಡಣೆ, ಸೋರ್ಸ್ ಅಂದರೆ ಅದರೊಳಗೆ ಬರುವ ಕ್ಯಾಮೆರಾ, ಫೈಲ್ ಅಥವಾ ಪಠ್ಯ. ಜಾಗ ಮತ್ತು ಸ್ಥಿತಿ ಸೀನ್‌ನೊಳಗಿನ ಆ ಐಟಂಗೆ ಸೇರಿದವು. ಫಿಲ್ಟರ್ ಸೋರ್ಸ್‌ಗೆ ಸೇರಿದ್ದು. ಈ ಒಂದು ಸಾಲು ನೆನಪಿಟ್ಟುಕೊಂಡರೆ ಅರ್ಧ ಗೊಂದಲ ಅಲ್ಲೇ ಮುಗಿಯುತ್ತದೆ. ಒಂದೇ ಕ್ಯಾಮೆರಾವನ್ನು ಐದು ಸೀನ್‌ಗಳಿಗೆ ಹಾಕಿದರೆ ಐದು ಬೇರೆ ಬೇರೆ ಜಾಗ ಕೊಡಬಹುದು. ಆದರೆ ಬಣ್ಣ ತಿದ್ದುಪಡಿ ಐದಕ್ಕೂ ಒಂದೇ.

ಇವೆಲ್ಲ ಒಟ್ಟಾಗಿ ಸೀನ್ ಕಲೆಕ್ಷನ್ ಎಂಬ ಒಂದು ಜೇಸನ್ ಫೈಲ್‌ನಲ್ಲಿ ಕೂರುತ್ತವೆ. ಫೈಲ್ ಮೆನುವಿನಲ್ಲಿ ‘ಶೋ ಸೆಟ್ಟಿಂಗ್ಸ್ ಫೋಲ್ಡರ್’ ಒತ್ತಿ, ಅಲ್ಲಿ ‘ಬೇಸಿಕ್’, ಅದರೊಳಗೆ ‘ಸೀನ್ಸ್’ ತೆರೆದರೆ ಪ್ರತಿ ಕಲೆಕ್ಷನ್‌ಗೂ ಒಂದು ಫೈಲ್ ಕಾಣುತ್ತದೆ. ಪಕ್ಕದ ‘ಪ್ರೊಫೈಲ್ಸ್’ ಫೋಲ್ಡರ್‌ನ ಕಥೆ ಬೇರೆ: ಕ್ಯಾನ್ವಾಸ್ (ಇಡೀ ಪರದೆಯ) ಅಳತೆ, ಫ್ರೇಮ್ ರೇಟ್, ಎನ್‌ಕೋಡರ್, ಸ್ಟ್ರೀಮ್ ಕೀ (ನಿಮ್ಮ ಚಾನೆಲ್‌ಗೆ ಪ್ರಸಾರ ಮಾಡಲು ಬೇಕಾದ ಗುಟ್ಟಿನ ಸಂಕೇತ) ಎಲ್ಲ ಅಲ್ಲಿವೆ. ಸೀನ್ ಕಲೆಕ್ಷನ್ ಅನ್ನು ಬೇರೆಯವರಿಗೆ ಕೊಡಬಹುದು. ಪ್ರೊಫೈಲ್ ಫೋಲ್ಡರ್ ಕೊಡುವ ಮುನ್ನ ಎರಡು ಸಲ ಯೋಚಿಸಿ, ಸ್ಟ್ರೀಮ್ ಕೀ ಅದರ ಜೊತೆಗೇ ಹೋಗುತ್ತದೆ.

ಟ್ರಾನ್ಸ್‌ಫಾರ್ಮ್ (ಜಾಗ, ಅಳತೆ, ಕ್ರಾಪ್) ಕಾಪಿ ಮಾಡಿ ಇನ್ನೊಂದು ಕ್ಯಾಮೆರಾಗೆ ಪೇಸ್ಟ್ ಮಾಡಿದೆ. ಜಾಗ ಸರಿ ಬಂತು, ಅಳತೆ ಚಿಕ್ಕದಾಯಿತು. ಏಕೆ?

ಬೌಂಡಿಂಗ್ ಬಾಕ್ಸ್ (ಚಿತ್ರ ಕೂರಬೇಕಾದ ನಿಗದಿತ ಚೌಕಟ್ಟು) ಇಲ್ಲದ ಐಟಂನಲ್ಲಿ ಒಬಿಎಸ್ ಇಟ್ಟುಕೊಳ್ಳುವುದು ಪಿಕ್ಸೆಲ್ ಅಳತೆಯನ್ನಲ್ಲ, ಸೋರ್ಸನ್ನು ಎಷ್ಟು ಪಟ್ಟು ಕುಗ್ಗಿಸಬೇಕು ಎಂಬ ಲೆಕ್ಕವನ್ನು. 1920×1080 ಕ್ಯಾಮೆರಾವನ್ನು 864×486ಕ್ಕೆ ಇಳಿಸಿದ್ದೀರಿ ಎನ್ನೋಣ. ಸೇವ್ ಆಗುವುದು 0.45 ಎಂಬ ಸಂಖ್ಯೆ. ಅದನ್ನೇ 1280×720 ಕೊಡುವ ವೆಬ್‌ಕ್ಯಾಮ್‌ಗೆ ಪೇಸ್ಟ್ ಮಾಡಿದರೆ 1280ರ 0.45 ಪಟ್ಟು, ಅಂದರೆ 576×324 ಬರುತ್ತದೆ. ಲೆಕ್ಕ ಸರಿ, ಚಿತ್ರ ತಪ್ಪು.

ಅತಿಥಿಯೊಬ್ಬರ ವೀಡಿಯೊ ಕಾಲ್ ನಡುನಡುವೆ ರೆಸಲ್ಯೂಷನ್ ಬದಲಿಸಿದಾಗ ಬಾಕ್ಸ್ ತಾನಾಗಿ ಹಿಗ್ಗಿ ಕುಗ್ಗುವುದೂ ಇದೇ ಕಾರಣಕ್ಕೆ. ಮದ್ದು ಬೌಂಡಿಂಗ್ ಬಾಕ್ಸ್.

ಬೌಂಡಿಂಗ್ ಬಾಕ್ಸ್ ಹೇಗೆ ಹಾಕುವುದು?

ಐಟಂ ಆಯ್ಕೆ ಮಾಡಿ ಕಂಟ್ರೋಲ್ ಮತ್ತು ಇ ಒತ್ತಿದರೆ ‘ಎಡಿಟ್ ಟ್ರಾನ್ಸ್‌ಫಾರ್ಮ್’ ತೆರೆಯುತ್ತದೆ. ‘ಬೌಂಡಿಂಗ್ ಬಾಕ್ಸ್ ಟೈಪ್’ ಜಾಗದಲ್ಲಿ ‘ನೋ ಬೌಂಡ್ಸ್’ ಇರುತ್ತದೆ, ಅದನ್ನು ಬದಲಿಸಿ. ‘ಬೌಂಡಿಂಗ್ ಬಾಕ್ಸ್ ಸೈಜ್’ನಲ್ಲಿ 864 ಮತ್ತು 486 ಬರೆಯಿರಿ. ಬಾಕ್ಸ್ ಒಳಗಿನ ಅಲೈನ್‌ಮೆಂಟನ್ನು ‘ಸೆಂಟರ್’ ಮಾಡಿ. ಇನ್ನು ಮುಂದೆ ಟ್ರಾನ್ಸ್‌ಫಾರ್ಮ್ ಕಾಪಿ ಮಾಡಿದರೆ ಬಾಕ್ಸ್‌ನ ಪಿಕ್ಸೆಲ್ ಅಳತೆಯೇ ಹೋಗುತ್ತದೆ, ಸೋರ್ಸ್ ಯಾವ ರೆಸಲ್ಯೂಷನ್ ಇದ್ದರೂ ಚಿಂತೆಯಿಲ್ಲ.

ಯಾವ ಬಗೆ ಆರಿಸಬೇಕು ಎನ್ನುವುದು ಸರಕಿನ ಮೇಲೆ ನಿಂತಿದೆ. ‘ಸ್ಕೇಲ್ ಟು ಇನ್ನರ್ ಬೌಂಡ್ಸ್’ ಇಡೀ ಚಿತ್ರವನ್ನು ಬಾಕ್ಸ್ ಒಳಗೆ ಕೂರಿಸುತ್ತದೆ, ಆಕಾರ ಹೊಂದದಿದ್ದರೆ ಪಕ್ಕದಲ್ಲಿ ಖಾಲಿ ಬಿಡುತ್ತದೆ. 1024×768 ಲ್ಯಾಪ್‌ಟಾಪ್ ಪರದೆಯನ್ನು ನಮ್ಮ 864×486 ಬಾಕ್ಸ್‌ಗೆ ಹಾಕಿದರೆ ಚಿತ್ರ 648×486 ಆಗಿ ಎಡಬಲದಲ್ಲಿ ತಲಾ 108 ಪಿಕ್ಸೆಲ್ ಖಾಲಿ ಉಳಿಯುತ್ತದೆ. ಸ್ಲೈಡ್‌ಗಳಿಗೆ ಇದೇ ಸರಿ, ಅಂಚಿನ ಅಕ್ಷರ ಕತ್ತರಿಸಿಹೋಗಬಾರದು. ‘ಸ್ಕೇಲ್ ಟು ಔಟರ್ ಬೌಂಡ್ಸ್’ ಬಾಕ್ಸ್ ತುಂಬುವವರೆಗೆ ಹಿಗ್ಗಿಸುತ್ತದೆ, ಹೆಚ್ಚಾದದ್ದು ಆಚೆ ಚೆಲ್ಲುತ್ತದೆ. ಮುಖ ತೋರಿಸುವ ಕ್ಯಾಮೆರಾಗಳಿಗೆ ಇದು. ಆಚೆ ಚೆಲ್ಲಿದ್ದನ್ನು ಕತ್ತರಿಸಲು ಹೊಸ ಆವೃತ್ತಿಗಳಲ್ಲಿ ಅದೇ ಕಿಟಕಿಯಲ್ಲೇ ಆಯ್ಕೆ ಇದೆ. ‘ಸ್ಟ್ರೆಚ್’ ಅನ್ನು ಮುಖಗಳಿಗೆ ಎಂದೂ ಬಳಸಬೇಡಿ.

ಹೆಸರಿನ ಪಟ್ಟಿಗೆ (ಪರದೆಯಲ್ಲಿ ಮಾತನಾಡುವವರ ಹೆಸರು ತೋರಿಸುವ ಅಡ್ಡಪಟ್ಟಿ) ‘ಮ್ಯಾಕ್ಸಿಮಮ್ ಸೈಜ್ ಓನ್ಲಿ’ ಎಂಬ ಬಗೆ ಹೇಳಿ ಮಾಡಿಸಿದಂತಿದೆ. ಚಿಕ್ಕ ಹೆಸರು ಇದ್ದ ಅಳತೆಯಲ್ಲೇ ಉಳಿಯುತ್ತದೆ, ಉದ್ದದ ಹೆಸರು ಬಂದರೆ ಮಾತ್ರ ಬಾಕ್ಸ್‌ಗೆ ಹೊಂದುವಷ್ಟು ಕುಗ್ಗುತ್ತದೆ. ಇನ್ನರ್ ಬೌಂಡ್ಸ್ ಹಾಕಿದರೆ ಮೂರಕ್ಷರದ ಹೆಸರು ಬಾಕ್ಸ್ ತುಂಬಾ ದಪ್ಪಗೆ ಹಿಗ್ಗಿ ನಿಲ್ಲುತ್ತದೆ.

ಕ್ರಾಪ್ ಏಕೆ ಹೊಂದುವುದಿಲ್ಲ?

ಕ್ರಾಪ್ ಸಂಖ್ಯೆಗಳು ಸೋರ್ಸ್‌ನ ಮೂಲ ಪಿಕ್ಸೆಲ್ ಲೆಕ್ಕದಲ್ಲಿರುತ್ತವೆ. ಎಡದಿಂದ 240 ತೆಗೆದರೆ 1920 ಅಗಲದ ಚಿತ್ರದಲ್ಲಿ 12.5 ಶೇಕಡಾ ಹೋಗುತ್ತದೆ. ಅದೇ 240 ಅನ್ನು 1280 ಅಗಲದ ಚಿತ್ರಕ್ಕೆ ಹಾಕಿದರೆ 18.75 ಶೇಕಡಾ, ಕಿವಿಯೇ ಹೋಗಬಹುದು. ಬೌಂಡಿಂಗ್ ಬಾಕ್ಸ್ ಹಾಕಿದರೂ ಈ ಸಮಸ್ಯೆ ಉಳಿಯುತ್ತದೆ. ಎಲ್ಲ ಕ್ಯಾಮೆರಾಗಳನ್ನೂ ಒಂದೇ ರೆಸಲ್ಯೂಷನ್‌ಗೆ ತರುವುದು, ಇಲ್ಲವೇ ಮುಂದೆ ಹೇಳಿರುವ ಸ್ಲಾಟ್ ವಿಧಾನ ಹಿಡಿಯುವುದು, ಎರಡೇ ದಾರಿ.

ಇನ್ನೊಂದು ಮಾತು. ಆಲ್ಟ್ ಹಿಡಿದು ಅಂಚನ್ನು ಎಳೆದು ಮಾಡಿದ ಕ್ರಾಪ್ ಆ ಸೀನ್‌ಗೆ ಮಾತ್ರ ಸೇರಿದ್ದು. ‘ಕ್ರಾಪ್/ಪ್ಯಾಡ್’ ಫಿಲ್ಟರ್‌ನಲ್ಲಿ ಮಾಡಿದ್ದು ಸೋರ್ಸ್‌ಗೆ ಸೇರಿದ್ದು, ಎಲ್ಲ ಸೀನ್‌ಗಳಲ್ಲೂ ಕಾಣುತ್ತದೆ. ಎರಡೂ ಕಡೆ ಕ್ರಾಪ್ ಮಾಡಿಟ್ಟು ಯಾವುದು ಕತ್ತರಿಸುತ್ತಿದೆ ಎಂದು ಹುಡುಕಾಡುವುದು ತೀರಾ ಸಾಮಾನ್ಯ.

ಎರಡು ಬಾಕ್ಸ್‌ನ ಲೇಔಟ್‌ಗೆ ಒಳ್ಳೆಯ ಅಳತೆ ಹೇಳಿ.

ಮೇಲೆ ಪದೇ ಪದೇ ಬಂದ 864×486 ಸುಮ್ಮನೆ ಆರಿಸಿದ್ದಲ್ಲ. 1920×1080 ಕ್ಯಾನ್ವಾಸ್‌ನಲ್ಲಿ ಹೀಗೆ ಕೂರಿಸಿ: ಎಡ ಬಾಕ್ಸ್ ಎಕ್ಸ್ 72, ವೈ 297, ಬಲ ಬಾಕ್ಸ್ ಎಕ್ಸ್ 984, ವೈ 297. ಎರಡೂ ಬದಿ ಅಂಚು 72, ನಡುವಿನ ಸಂದು 48. ಕೂಡಿ ನೋಡಿ: 72 + 864 + 48 + 864 + 72 = 1920.

ಈಗ ಇದೇ ಲೇಔಟನ್ನು 1280×720ಕ್ಕೆ ಇಳಿಸಿ, ಅಂದರೆ ಎಲ್ಲವನ್ನೂ ಮೂರರಲ್ಲಿ ಎರಡು ಪಾಲು ಮಾಡಿ. ಬಾಕ್ಸ್ 576×324, ಎಕ್ಸ್ 48 ಮತ್ತು 656, ವೈ 198, ಸಂದು 32. ಎಲ್ಲೂ ದಶಮಾಂಶ ಇಲ್ಲ. 3840×2160ಕ್ಕೆ ಎರಡು ಪಟ್ಟು ಮಾಡಿದರಾಯಿತು. ಗುಟ್ಟು ಇಷ್ಟೇ: ಬಾಕ್ಸ್‌ನ ಅಗಲ 48ರ ಗುಣಕವಾಗಿರಬೇಕು. ಆಗ 16:9ರ ಎತ್ತರ 27ರ ಗುಣಕವಾಗುತ್ತದೆ, ಮೂರರಲ್ಲಿ ಎರಡು ಪಾಲು ಮಾಡಿದರೂ ಪೂರ್ಣಸಂಖ್ಯೆಯೇ ಉಳಿಯುತ್ತದೆ. ಅಂಚು 60, ಸಂದು 40 ಎಂದು ಕಣ್ಣಂದಾಜಿನಲ್ಲಿ ಇಟ್ಟರೆ ಬಾಕ್ಸ್ 880×495 ಆಗುತ್ತದೆ, ಅದನ್ನು ನಡುವಿಗೆ ತಂದರೆ ವೈ 292.5. ಅರ್ಧ ಪಿಕ್ಸೆಲ್‌ನಲ್ಲಿ ಕೂತ ಚಿತ್ರದ ಅಂಚು ಮಸುಕಾಗುತ್ತದೆ, ಅದರಲ್ಲಿ ಸಣ್ಣ ಅಕ್ಷರಗಳಿದ್ದರೆ ಕಣ್ಣಿಗೆ ಹೊಡೆಯುತ್ತದೆ.

297 ಬೆಸಸಂಖ್ಯೆ ಎಂದು ತಕರಾರು ತೆಗೆಯುವವರಿದ್ದಾರೆ, ಅದರಲ್ಲಿ ಹುರುಳೂ ಇದೆ. ಸ್ಟ್ರೀಮ್‌ನ ಬಣ್ಣದ ಮಾಹಿತಿ ಸಾಮಾನ್ಯವಾಗಿ ಎರಡು ಸಾಲಿಗೆ ಒಂದರಂತೆ ಹೋಗುವುದರಿಂದ ಬೆಸ ಸಾಲಿನಲ್ಲಿ ಶುರುವಾಗುವ ಕಡುಕೆಂಪು ಅಂಚು ಒಂದು ಗೆರೆಯಷ್ಟು ಸೋರಿದಂತೆ ಕಾಣಬಹುದು. ಬಾಕ್ಸ್ ಸುತ್ತ ಬಿಳಿ ಅಥವಾ ಬೂದು ಬಾರ್ಡರ್ ಇದ್ದರೆ ಅದು ಗೊತ್ತೇ ಆಗುವುದಿಲ್ಲ.

ಮೂಲೆಯ ಚಿಕ್ಕ ಬಾಕ್ಸ್‌ಗೆ?

480×270, ಅಂಚು 60. ಎಡ-ಮೇಲಿನ ಮೂಲೆಯಿಂದ ಲೆಕ್ಕ ಹಾಕಿದರೆ ಎಕ್ಸ್ 1380, ವೈ 750. ಅದಕ್ಕಿಂತ ‘ಪೊಸಿಷನಲ್ ಅಲೈನ್‌ಮೆಂಟ್’ ಅನ್ನು ‘ಬಾಟಮ್ ರೈಟ್’ ಮಾಡಿ 1860, 1020 ಎಂದು ಕೊಡುವುದು ಮೇಲು. ಮುಂದೆ ಬಾಕ್ಸ್ ದೊಡ್ಡದು ಮಾಡಿದರೂ ಮೂಲೆ ಜರುಗುವುದಿಲ್ಲ.

ಒಂದು ಸೀನ್‌ನಲ್ಲಿ ಬಣ್ಣ ತಿದ್ದಿದರೆ ಎಲ್ಲ ಕಡೆ ಬದಲಾಗುತ್ತಿದೆ. ತಡೆಯುವುದು ಹೇಗೆ?

ಫಿಲ್ಟರ್ ಸೋರ್ಸ್‌ಗೆ ಅಂಟುತ್ತದೆ ಎಂದು ಮೇಲೆ ಹೇಳಿದ್ದು ಇದನ್ನೇ. ಬೇರೆ ರೂಪ ಬೇಕಾದರೆ ಆ ಕ್ಯಾಮೆರಾವನ್ನು ಒಂದು ಹೊಸ ಸೀನ್‌ನಲ್ಲಿ ಒಂಟಿಯಾಗಿ ಹಾಕಿ. ಉದಾಹರಣೆಗೆ ‘ಕ್ಯಾಮ್ 2 – ಕಪ್ಪುಬಿಳುಪು’ ಎಂದು ಹೆಸರಿಟ್ಟು ಫಿಲ್ಟರನ್ನು ಸೋರ್ಸ್ ಮೇಲೆ ಹಾಕದೆ ಈ ಸೀನ್ ಮೇಲೆ ಹಾಕಿ. ಆಮೇಲೆ ಬೇಕಾದ ಲೇಔಟ್‌ಗೆ ಕ್ಯಾಮೆರಾ ಬದಲು ಈ ಸೀನನ್ನೇ ಸೋರ್ಸ್ ಆಗಿ ಸೇರಿಸಿ. ಒಂದೇ ಕ್ಯಾಮೆರಾದಿಂದ ಹೀಗೆ ಎಷ್ಟು ರೂಪ ಬೇಕಾದರೂ ಮಾಡಬಹುದು.

ಫಿಲ್ಟರ್‌ಗಳನ್ನು ಕಾಪಿ-ಪೇಸ್ಟ್ ಮಾಡುವಾಗ ಒಂದು ಎಚ್ಚರ: ಪೇಸ್ಟ್ ಮಾಡಿದ್ದು ಹಳೆಯ ಫಿಲ್ಟರ್‌ಗಳ ಜಾಗಕ್ಕೆ ಬರುವುದಿಲ್ಲ, ಅವುಗಳ ಜೊತೆಗೆ ಸೇರಿಕೊಳ್ಳುತ್ತದೆ. ಮರೆತು ಎರಡು ಸಲ ಪೇಸ್ಟ್ ಮಾಡಿದರೆ ಬಣ್ಣ ತಿದ್ದುಪಡಿ ಎರಡು ಸಲ ಆಗುತ್ತದೆ. ಮುಖಗಳು ಇದ್ದಕ್ಕಿದ್ದಂತೆ ಕೆಂಪಗೆ ಕಂಡರೆ ಮೊದಲು ಫಿಲ್ಟರ್ ಪಟ್ಟಿ ತೆರೆದು ಎಣಿಸಿ. ಪಟ್ಟಿಯ ಕ್ರಮವೂ ಮುಖ್ಯ. ಕ್ರೋಮಾ ಕೀ ಮೇಲಿರಬೇಕು, ಬಣ್ಣ ತಿದ್ದುಪಡಿ ಅದರ ಕೆಳಗೆ. ಹಿಂದುಮುಂದಾದರೆ ಬಣ್ಣ ಸ್ವಲ್ಪ ತಿದ್ದಿದಾಗಲೆಲ್ಲ ಹಸಿರು ಪರದೆಯ ಕೀ ಹಾಳಾಗುತ್ತದೆ.

‘ಪೇಸ್ಟ್ ರೆಫರೆನ್ಸ್’, ‘ಪೇಸ್ಟ್ ಡುಪ್ಲಿಕೇಟ್’: ಯಾವುದು?

ಕ್ಯಾಮೆರಾ, ಕ್ಯಾಪ್ಚರ್ ಕಾರ್ಡ್‌ಗಳಿಗೆ ರೆಫರೆನ್ಸ್. ಡುಪ್ಲಿಕೇಟ್ ಮಾಡಿದರೆ ಅದೇ ಸಾಧನವನ್ನು ಎರಡನೇ ಸಲ ತೆರೆಯಲು ಹೋಗುತ್ತದೆ. ಅನೇಕ ಸಾಧನಗಳು ಅದಕ್ಕೆ ಒಪ್ಪುವುದಿಲ್ಲ, ಕಪ್ಪು ಚೌಕ ಸಿಗುತ್ತದೆ. ಪಠ್ಯ, ಚಿತ್ರ, ಬಣ್ಣದ ಪಟ್ಟಿಗಳಿಗೆ ಡುಪ್ಲಿಕೇಟ್, ಇಲ್ಲದಿದ್ದರೆ ಒಂದು ಸೀನ್‌ನಲ್ಲಿ ಹೆಸರು ಬದಲಿಸಿದಾಗ ಎಲ್ಲ ಕಡೆ ಬದಲಾಗುತ್ತದೆ.

ಪ್ರತಿ ಸಲ ಹೊಸ ಅತಿಥಿ, ಹೊಸ ಕ್ಯಾಮೆರಾ. ಲೇಔಟ್ ಮಾತ್ರ ಅದೇ. ಮತ್ತೆ ಮತ್ತೆ ಕಟ್ಟದೆ ಹೇಗೆ?

ಸ್ಲಾಟ್ ವಿಧಾನ ಹಿಡಿಯಿರಿ. ಈ ಪುಟದಲ್ಲಿ ಒಂದನ್ನೇ ಕಲಿಯುವುದಾದರೆ ಇದನ್ನು ಕಲಿಯಿರಿ.

‘ಸ್ಲಾಟ್ ಎ’, ‘ಸ್ಲಾಟ್ ಬಿ’ ಎಂಬ ಎರಡು ಸೀನ್ ಮಾಡಿ. ನಿಮ್ಮಲ್ಲಿರುವ ಎಲ್ಲ ಕ್ಯಾಮೆರಾಗಳನ್ನೂ ಎರಡಕ್ಕೂ ಸೇರಿಸಿ, ಪ್ರತಿಯೊಂದಕ್ಕೂ 1920×1080 ಬೌಂಡಿಂಗ್ ಬಾಕ್ಸ್, ‘ಔಟರ್ ಬೌಂಡ್ಸ್’ ಕೊಡಿ. ಕಣ್ಣಿನ ಗುರುತು ಒತ್ತಿ ಒಂದನ್ನು ಮಾತ್ರ ಕಾಣುವಂತೆ ಬಿಡಿ. ಆಮೇಲೆ ‘ಲೇಔಟ್ – ಎರಡು ಬಾಕ್ಸ್’ ಎಂಬ ಸೀನ್ ಮಾಡಿ ಅದರಲ್ಲಿ ಕ್ಯಾಮೆರಾ ಹಾಕಬೇಡಿ, ‘ಸ್ಲಾಟ್ ಎ’ ಮತ್ತು ‘ಸ್ಲಾಟ್ ಬಿ’ ಸೀನ್‌ಗಳನ್ನು ಸೋರ್ಸ್ ಆಗಿ ಸೇರಿಸಿ. ಮೇಲಿನ ಅಳತೆ ಕೊಟ್ಟು ಬೀಗ ಹಾಕಿ. ಮೂಲೆಯ ಬಾಕ್ಸ್, ಪೂರ್ಣಪರದೆ ಲೇಔಟ್‌ಗಳನ್ನೂ ಇದೇ ಸ್ಲಾಟ್‌ಗಳಿಂದ ಕಟ್ಟಿ.

ಒಳಗಿನ ಸೀನ್ ಯಾವಾಗಲೂ ಕ್ಯಾನ್ವಾಸ್ ಅಳತೆಯದೇ ಆದ್ದರಿಂದ ಲೇಔಟ್‌ನ 0.45 ಎಂಬ ಸಂಖ್ಯೆ ಯಾವತ್ತೂ 864×486 ಕೊಡುತ್ತದೆ. ಕ್ಯಾಮೆರಾ 720 ಇರಲಿ, 4ಕೆ ಇರಲಿ, ಅದರ ತಾಪತ್ರಯ ಸ್ಲಾಟ್ ಒಳಗೇ ಮುಗಿಯುತ್ತದೆ. ಅತಿಥಿ ಬದಲಾದರೆ ಸ್ಲಾಟ್ ಬಿ ಒಳಗೆ ಒಂದು ಕಣ್ಣು ಮುಚ್ಚಿ ಇನ್ನೊಂದು ತೆರೆದರಾಯಿತು, ಹತ್ತು ಲೇಔಟ್‌ಗಳೂ ಒಟ್ಟಿಗೆ ಬದಲಾಗುತ್ತವೆ.

ಇದರಲ್ಲಿ ಮೂರು ಮುಳ್ಳುಗಳಿವೆ. ಸ್ಟುಡಿಯೋ ಮೋಡ್‌ನಲ್ಲಿ ಪ್ರಿವ್ಯೂ (ಸಿದ್ಧತೆಯ ಕಿಟಕಿ) ಕಡೆ ಏನು ಮಾಡಿದರೂ ಪ್ರೋಗ್ರಾಮ್‌ಗೆ (ಪ್ರಸಾರವಾಗುತ್ತಿರುವ ಚಿತ್ರಕ್ಕೆ) ತಟ್ಟುವುದಿಲ್ಲ ಎಂಬ ನಂಬಿಕೆ ಇಲ್ಲಿ ಕೈಕೊಡುತ್ತದೆ. ‘ಡುಪ್ಲಿಕೇಟ್ ಸೀನ್’ ಆಯ್ಕೆ ಹೊರಗಿನ ಲೇಔಟನ್ನು ಮಾತ್ರ ನಕಲು ಮಾಡುತ್ತದೆ, ಒಳಗಿನ ಸ್ಲಾಟ್ ಎರಡೂ ಕಡೆ ಒಂದೇ. ಆ ಸ್ಲಾಟ್ ಪ್ರಸಾರದಲ್ಲಿರುವಾಗ ಕಣ್ಣಿನ ಗುರುತು ಒತ್ತಿದರೆ ಬದಲಾವಣೆ ಆ ಕ್ಷಣವೇ ವೀಕ್ಷಕರಿಗೆ ಕಾಣುತ್ತದೆ. ಹಾಗಾಗಿ ಸ್ಲಾಟ್ ಇಲ್ಲದ ಸೀನ್‌ಗೆ ಹೋಗಿ ಬದಲಿಸಿ ವಾಪಸ್ ಬನ್ನಿ. ಎರಡನೆಯದು, ಕ್ಯಾಮೆರಾ ಸೋರ್ಸ್‌ನ ಗುಣಲಕ್ಷಣಗಳಲ್ಲಿ ‘ಡಿಆ್ಯಕ್ಟಿವೇಟ್ ವೆನ್ ನಾಟ್ ಶೋಯಿಂಗ್’ ಟಿಕ್ ಆಗಿದ್ದರೆ ಪ್ರತಿ ಬದಲಾವಣೆಗೂ ಸಾಧನ ಮತ್ತೆ ಶುರುವಾಗಬೇಕು, ಒಂದೆರಡು ಸೆಕೆಂಡ್ ಕಪ್ಪು ಕಾಣುತ್ತದೆ. ಟಿಕ್ ತೆಗೆಯಿರಿ. ಮೂರನೆಯದು ಸಣ್ಣದು: ಚಿತ್ರ ಎರಡು ಸಲ ಅಳತೆ ಬದಲಿಸುವುದರಿಂದ ಚೂರು ಮೆತ್ತಗಾಗಬಹುದು. ಲೇಔಟ್‌ನಲ್ಲಿ ಸ್ಲಾಟ್ ಮೇಲೆ ರೈಟ್ ಕ್ಲಿಕ್ ಮಾಡಿ ‘ಸ್ಕೇಲ್ ಫಿಲ್ಟರಿಂಗ್’ ಅನ್ನು ‘ಬೈಕ್ಯೂಬಿಕ್’ ಅಥವಾ ‘ಲ್ಯಾಂಕ್‌ಜೋಸ್’ ಮಾಡಿ.

ವಿಮಿಕ್ಸ್‌ನಲ್ಲಿ ಇದೇ ಕೆಲಸ ಹೇಗೆ?

ಅಲ್ಲಿ ಸ್ಲಾಟ್ ಹುಟ್ಟಿನಿಂದಲೇ ಇದೆ. ಒಂದು ಇನ್‌ಪುಟ್‌ಗೆ ಹತ್ತು ಲೇಯರ್ ಇರುತ್ತವೆ, ಹಳೆಯ ಆವೃತ್ತಿಗಳಲ್ಲಿ ಇವನ್ನು ಮಲ್ಟಿವ್ಯೂ ಎನ್ನುತ್ತಿದ್ದರು. ಜಾಗದ ಮಾಹಿತಿ ಲೇಯರ್ ಸಂಖ್ಯೆಗೆ ಸೇರಿದ್ದು, ಅದರಲ್ಲಿ ಕೂತ ಇನ್‌ಪುಟ್‌ಗಲ್ಲ. ಹಾಗಾಗಿ ಖಾಲಿ ಬಣ್ಣದ ಇನ್‌ಪುಟ್ ಒಂದನ್ನು ಸೇರಿಸಿ, ಅದರ ಲೇಯರ್ 1 ಮತ್ತು 2ಕ್ಕೆ ಜಾಗ ಹೊಂದಿಸಿಟ್ಟರೆ ಅದೇ ಲೇಔಟ್ ಪ್ರೀಸೆಟ್. ಒಳಗಿನ ಕ್ಯಾಮೆರಾ ಬದಲಿಸಿದರೂ ಬಾಕ್ಸ್ ಅಲುಗುವುದಿಲ್ಲ. ಶಾರ್ಟ್‌ಕಟ್‌ನಿಂದ ಬದಲಿಸಲು ‘ಸೆಟ್‌ಮಲ್ಟಿವ್ಯೂಓವರ್‌ಲೇ’ ಎಂಬ ಫಂಕ್ಷನ್ ಇದೆ. ಅದಕ್ಕೆ ಲೇಯರ್ ಸಂಖ್ಯೆ, ಅಲ್ಪವಿರಾಮ, ಬರಬೇಕಾದ ಇನ್‌ಪುಟ್ ಎಂದು ಮೌಲ್ಯ ಕೊಡಬೇಕು.

ಶಾರ್ಟ್‌ಕಟ್ ಮತ್ತು ಸ್ಕ್ರಿಪ್ಟ್‌ಗಳಲ್ಲಿ ಇನ್‌ಪುಟನ್ನು ಸಂಖ್ಯೆಯಿಂದ ಕರೆಯಬೇಡಿ, ಹೆಸರಿನಿಂದ ಕರೆಯಿರಿ. ನಡುವೆ ಒಂದು ಇನ್‌ಪುಟ್ ಅಳಿಸಿದರೆ ಮುಂದಿನ ಸಂಖ್ಯೆಗಳೆಲ್ಲ ಜರುಗಿ, ಅತಿಥಿಯ ಬಾಕ್ಸ್‌ನಲ್ಲಿ ಪ್ರಾಯೋಜಕರ ವೀಡಿಯೊ ಓಡತೊಡಗುತ್ತದೆ. ಒಂದೇ ಕ್ಯಾಮೆರಾಗೆ ಬೇರೆ ಬೇರೆ ಝೂಮ್, ಬಣ್ಣ ಬೇಕಾದರೆ ವರ್ಚುವಲ್ ಇನ್‌ಪುಟ್ ಮಾಡಿ. ಮೂಲ ಒಂದೇ, ಜಾಗ ಮತ್ತು ಬಣ್ಣ ಬೇರೆ.

ಏಟೆಮ್‌ನಲ್ಲಿ ಮ್ಯಾಕ್ರೋ ರೆಕಾರ್ಡ್ ಮಾಡಿದೆ. ಕೆಲವು ಸಲ ಬಾಕ್ಸ್ ಸರಿ ಕೂರುತ್ತದೆ, ಕೆಲವು ಸಲ ಇಲ್ಲ.

ಮ್ಯಾಕ್ರೋ ಸ್ವಿಚರ್‌ನ ಇಡೀ ಸ್ಥಿತಿಯನ್ನು ದಾಖಲಿಸುವುದಿಲ್ಲ, ನೀವು ಮುಟ್ಟಿದ್ದನ್ನು ಮಾತ್ರ ದಾಖಲಿಸುತ್ತದೆ. ರೆಕಾರ್ಡ್ ಶುರು ಮಾಡುವಾಗಲೇ ಬಾಕ್ಸ್ 2ರ ಅಳತೆ ಸರಿಯಿತ್ತು, ನೀವು ಅದನ್ನು ಮುಟ್ಟಲಿಲ್ಲ. ಮ್ಯಾಕ್ರೋಗೆ ಅದರ ಸುಳಿವೇ ಇಲ್ಲ. ನಾಳೆ ಬೇರೆ ಲೇಔಟ್ ಬಳಸಿ ಬಂದ ಮೇಲೆ ಇದೇ ಮ್ಯಾಕ್ರೋ ಒತ್ತಿದರೆ ಬಾಕ್ಸ್ 2 ಆ ಬೇರೆ ಲೇಔಟ್‌ನ ಅಳತೆಯಲ್ಲೇ ನಿಂತಿರುತ್ತದೆ.

ಪರಿಹಾರ ಕೊಂಚ ವಿಚಿತ್ರವಾಗಿದೆ: ರೆಕಾರ್ಡ್ ಒತ್ತುವ ಮುನ್ನ ಎಲ್ಲ ಬಾಕ್ಸ್‌ಗಳ ಜಾಗ, ಅಳತೆ, ಕ್ರಾಪ್, ಆನ್-ಆಫ್ ಎಲ್ಲವನ್ನೂ ಬೇಕೆಂದೇ ಕೆಡಿಸಿ. ಆಮೇಲೆ ರೆಕಾರ್ಡ್ ಶುರು ಮಾಡಿ ಒಂದೊಂದನ್ನೂ ಸರಿಪಡಿಸಿ. ಬೇಡದ ಬಾಕ್ಸ್ 3 ಮತ್ತು 4ನ್ನು ಆಫ್ ಮಾಡುವುದೂ ದಾಖಲಾಗಬೇಕು. ಮುಗಿದ ಮೇಲೆ ಮತ್ತೆ ಕೆಡಿಸಿ, ಮ್ಯಾಕ್ರೋ ಓಡಿಸಿ ನೋಡಿ.

ಏಟೆಮ್‌ನಲ್ಲಿ ಈ ಬಾಕ್ಸ್‌ಗಳನ್ನು ಜೋಡಿಸುವ ಸೂಪರ್‌ಸೋರ್ಸ್‌ನಲ್ಲಿ ಪಿಕ್ಸೆಲ್ ಲೆಕ್ಕ ಇಲ್ಲ. ಪರದೆಯ ನಡು ಸೊನ್ನೆ, ಎಡಬಲ ಅಂಚುಗಳು −16 ಮತ್ತು 16, ಮೇಲೆ ಕೆಳಗೆ 9 ಮತ್ತು −9. ಅಂದರೆ 1920 ಅಗಲದಲ್ಲಿ ಒಂದು ಘಟಕಕ್ಕೆ 60 ಪಿಕ್ಸೆಲ್. ಜಾಗ ಎಂದರೆ ಬಾಕ್ಸ್‌ನ ನಡುಬಿಂದು. ನಮ್ಮ ಎಡ ಬಾಕ್ಸ್‌ನ ನಡು 504ನೇ ಪಿಕ್ಸೆಲ್, ಪರದೆಯ ನಡು 960. ವ್ಯತ್ಯಾಸ 456, ಅರವತ್ತರಿಂದ ಭಾಗಿಸಿದರೆ 7.6. ಹಾಗಾಗಿ ಅಳತೆ 0.45, ಎಡ ಬಾಕ್ಸ್ ಎಕ್ಸ್ −7.6, ಬಲ ಬಾಕ್ಸ್ ಎಕ್ಸ್ 7.6, ವೈ ಎರಡಕ್ಕೂ 0. ಒಬಿಎಸ್‌ನ ಲೇಔಟ್‌ಗೆ ಮಾಡಿದ ಹಿನ್ನೆಲೆ ಚಿತ್ರವೇ ಇಲ್ಲಿಗೂ ಹೊಂದುತ್ತದೆ.

ಇಡೀ ಸ್ಥಿತಿ ಬೇಕಾದವರು ಸಾಫ್ಟ್‌ವೇರ್‌ನ ಫೈಲ್ ಮೆನುವಿನಿಂದ ಸೇವ್ ಮಾಡಬಹುದು. ವಾಪಸ್ ತರುವಾಗ ಯಾವ ಭಾಗಗಳು ಬೇಕೆಂದು ಟಿಕ್ ಮಾಡಲು ಕೇಳುತ್ತದೆ. ಲೇಔಟ್ ಮಾತ್ರ ಬೇಕಿದ್ದರೆ ಆಡಿಯೊ ಭಾಗದ ಟಿಕ್ ತೆಗೆಯುವುದನ್ನು ಮರೆಯಬೇಡಿ, ಕೂತು ಹೊಂದಿಸಿದ ಧ್ವನಿಮಟ್ಟಗಳೆಲ್ಲ ಹಳೆಯದಕ್ಕೆ ಹೋಗಿಬಿಡುತ್ತವೆ.

ಮ್ಯಾಕ್‌ನಲ್ಲಿ ಮಿಮೋಲೈವ್ ಬಳಸುತ್ತೇವೆ.

ಒಂದು ಲೇಯರ್‌ಗೆ ಹಲವು ‘ವೇರಿಯಂಟ್’ ಮಾಡಬಹುದು: ಅದೇ ಹೆಸರಿನ ಪಟ್ಟಿ, ಒಂದರಲ್ಲಿ ನಿರೂಪಕರ ಹೆಸರು, ಇನ್ನೊಂದರಲ್ಲಿ ಅತಿಥಿಯ ಹೆಸರು. ಯಾವ ಯಾವ ಲೇಯರ್ ಯಾವ ಸ್ಥಿತಿಯಲ್ಲಿರಬೇಕು ಎನ್ನುವುದನ್ನು ‘ಲೇಯರ್ ಸೆಟ್’ ನೆನಪಿಟ್ಟುಕೊಳ್ಳುತ್ತದೆ. ವೇರಿಯಂಟ್ ರೂಪಕ್ಕೆ, ಲೇಯರ್ ಸೆಟ್ ಸ್ಥಿತಿಗೆ ಎಂದು ಹಂಚಿಕೊಂಡು ಬಳಸಿ.

ಸೀನ್ ಕಲೆಕ್ಷನ್ ಬೇರೆ ಕಂಪ್ಯೂಟರ್‌ಗೆ ಒಯ್ದರೆ ಅರ್ಧ ಖಾಲಿ. ಏನು ಮಾಡಬೇಕು?

ಎಕ್ಸ್‌ಪೋರ್ಟ್ ಮಾಡಿದ ಜೇಸನ್ ಫೈಲ್‌ನಲ್ಲಿ ಚಿತ್ರ, ವೀಡಿಯೊಗಳು ಇರುವುದಿಲ್ಲ, ಅವುಗಳ ವಿಳಾಸ ಮಾತ್ರ ಇರುತ್ತದೆ. ಡಿ ಡ್ರೈವ್‌ನಲ್ಲಿದ್ದ ಚಿತ್ರ ಹೊಸ ಕಂಪ್ಯೂಟರ್‌ನ ಡಿ ಡ್ರೈವ್‌ನಲ್ಲೂ ಅದೇ ಫೋಲ್ಡರ್‌ನಲ್ಲಿರಬೇಕು. ಎಲ್ಲ ಸಾಮಗ್ರಿಯನ್ನೂ ಒಂದೇ ಫೋಲ್ಡರ್‌ನಲ್ಲಿ ಇಟ್ಟು ಎರಡೂ ಕಡೆ ಅದೇ ಜಾಗಕ್ಕೆ ಹಾಕುವುದು ಸುಲಭದ ದಾರಿ. ತಪ್ಪಿದರೆ ಮೆನುವಿನ ‘ಚೆಕ್ ಫಾರ್ ಮಿಸ್ಸಿಂಗ್ ಫೈಲ್ಸ್’ ಬಳಸಿ. ಬಣ್ಣದ ಲಟ್ ಫೈಲ್ (ಬಣ್ಣ ಬದಲಿಸುವ ಕೋಷ್ಟಕ), ಮಾಸ್ಕ್ ಚಿತ್ರಗಳೂ ಫೈಲ್‌ಗಳೇ ಎನ್ನುವುದು ಮರೆತುಹೋಗುತ್ತದೆ.

ಕ್ಯಾಮೆರಾಗಳನ್ನು ಸಾಧನದ ಗುರುತಿನಿಂದ ಹಿಡಿದಿಟ್ಟಿರುವುದರಿಂದ ಹೊಸ ಕಂಪ್ಯೂಟರ್‌ನಲ್ಲಿ ಪ್ರತಿಯೊಂದನ್ನೂ ಕೈಯಾರೆ ಆರಿಸಬೇಕು. ಹೊಸ ಸೋರ್ಸ್ ಸೇರಿಸಬೇಡಿ. ಹಳೆಯದರ ಗುಣಲಕ್ಷಣ ತೆರೆದು ಸಾಧನ ಮಾತ್ರ ಬದಲಿಸಿ, ಜಾಗ ಮತ್ತು ಫಿಲ್ಟರ್ ಉಳಿಯುತ್ತವೆ. ಪ್ಲಗಿನ್‌ಗಳನ್ನು ಮೊದಲು ಹಾಕಿ, ಆಮೇಲೆ ಕಲೆಕ್ಷನ್ ಇಂಪೋರ್ಟ್ ಮಾಡಿ.

ಪಠ್ಯದ ವಿಷಯ ಕನ್ನಡದಲ್ಲಿ ಕೆಲಸ ಮಾಡುವವರಿಗೆ ತೊಡಕಿನದು. ವಿಂಡೋಸ್‌ನ ‘ಜಿಡಿಐ ಪ್ಲಸ್’ ಪಠ್ಯ ಸೋರ್ಸ್ ಕನ್ನಡವನ್ನು ಸರಿಯಾಗಿ ಜೋಡಿಸುತ್ತದೆ, ಆದರೆ ಅದು ಮ್ಯಾಕ್ ಮತ್ತು ಲಿನಕ್ಸ್‌ನಲ್ಲಿ ಇಲ್ಲ. ಅಲ್ಲಿರುವ ‘ಫ್ರೀಟೈಪ್ 2’ ಸೋರ್ಸ್ ಅಕ್ಷರಗಳನ್ನು ಒಂದರ ಪಕ್ಕ ಒಂದು ಇಡುತ್ತದೆಯೇ ಹೊರತು ಜೋಡಿಸುವುದಿಲ್ಲ. ‘ಕ್ಷ’ ಒಡೆದು ಕ, ಹಲಂತ ಚಿಹ್ನೆ, ಷ ಎಂದು ನಿಲ್ಲುತ್ತದೆ. ಎರಡೂ ಕಡೆ ಓಡುವ ಪ್ರೀಸೆಟ್ ಬೇಕಾದರೆ ಹೆಸರಿನ ಪಟ್ಟಿಯನ್ನು ಬ್ರೌಸರ್ ಸೋರ್ಸ್‌ನಲ್ಲಿ (ವೆಬ್‌ಪುಟ ತೋರಿಸುವ ಸೋರ್ಸ್) ಮಾಡಿ, ಫಾಂಟ್ ಫೈಲನ್ನೂ ಅದೇ ಫೋಲ್ಡರ್‌ನಲ್ಲಿಡಿ.

ಇಂಪೋರ್ಟ್ ಆಯಿತು, ಎಲ್ಲ ಇದೆ, ಆದರೆ ಲೇಯರ್‌ಗಳೆಲ್ಲ ಮೂಲೆಗೆ ಸರಿದಿವೆ ಅಥವಾ ಪರದೆಯಾಚೆ ಹೋಗಿವೆ.

ಕ್ಯಾನ್ವಾಸ್ ಅಳತೆ ಪ್ರೊಫೈಲ್‌ನಲ್ಲಿರುತ್ತದೆ, ಲೇಯರ್ ಜಾಗ ಕಲೆಕ್ಷನ್‌ನಲ್ಲಿ. ಮುಖ್ಯವಾಗಿ ಹಳೆಯ ಆವೃತ್ತಿಗಳಲ್ಲಿ, 1080ಕ್ಕೆ ಕಟ್ಟಿದ ಕಲೆಕ್ಷನ್ ಅನ್ನು 720 ಕ್ಯಾನ್ವಾಸ್‌ನ ಪ್ರೊಫೈಲ್ ಜೊತೆ ತೆರೆದಾಗ ಹೀಗಾಗುತ್ತದೆ. ಲೇಯರ್‌ಗಳನ್ನು ಮುಟ್ಟುವ ಮೊದಲು ‘ಸೆಟ್ಟಿಂಗ್ಸ್’ನ ‘ವೀಡಿಯೊ’ ಪುಟದಲ್ಲಿ ‘ಬೇಸ್ ರೆಸಲ್ಯೂಷನ್’ ಸರಿಮಾಡಿ. ಸ್ಟ್ರೀಮ್ 720 ಹೋಗಬೇಕಿದ್ದರೆ ಕೆಳಗಿನ ಔಟ್‌ಪುಟ್ ರೆಸಲ್ಯೂಷನ್ ಮಾತ್ರ ಇಳಿಸಿ. ಗಾಬರಿಯಲ್ಲಿ ಒಂದೊಂದೇ ಲೇಯರ್ ಎಳೆದು ಸರಿಪಡಿಸಿದವರಿಗೆ ಆಮೇಲೆ ಇಡೀ ಲೇಔಟ್ ಮತ್ತೆ ಕಟ್ಟುವ ಕೆಲಸ ಕಾದಿರುತ್ತದೆ.

ಕಲೆಕ್ಷನ್‌ಗೂ ಪ್ರೊಫೈಲ್‌ಗೂ ಒಂದೇ ಹೆಸರು ಕೊಡಿ, ‘ಸಂವಾದ-1080ಪಿ30’ ಹೀಗೆ. ಯಾವುದರ ಜೊತೆ ಯಾವುದು ಎಂದು ನೆನಪಿಡುವ ಕಷ್ಟ ತಪ್ಪುತ್ತದೆ.

ನೇರಪ್ರಸಾರದ ನಡುವೆ ಸೀನ್ ಕಲೆಕ್ಷನ್ ಬದಲಿಸಬಹುದೇ?

ಆಗುತ್ತದೆ, ಮಾಡಬೇಡಿ. ಹಳೆಯ ಸೋರ್ಸ್‌ಗಳೆಲ್ಲ ಮುಚ್ಚಿ ಹೊಸವು ತೆರೆಯುವವರೆಗೆ ಪರದೆ ಖಾಲಿ, ಧ್ವನಿಯೂ ತುಂಡಾಗುತ್ತದೆ. ಮುಖ್ಯ ಧ್ವನಿ ಸಾಧನಗಳ ಆಯ್ಕೆಯೂ ಕಲೆಕ್ಷನ್‌ನಲ್ಲೇ ಇರುವುದರಿಂದ ಮೈಕ್ ಬೇರೆಯಾಗಿ ಬರುವ ಸಾಧ್ಯತೆಯೂ ಇದೆ. ಒಂದು ಕಾರ್ಯಕ್ರಮಕ್ಕೆ ಬೇಕಾದ ಎಲ್ಲ ಲೇಔಟ್ ಒಂದೇ ಕಲೆಕ್ಷನ್‌ನಲ್ಲಿರಲಿ.

ಒಂದು ಪ್ರೀಸೆಟ್‌ನಿಂದ ಇನ್ನೊಂದಕ್ಕೆ ಬಾಕ್ಸ್ ನಯವಾಗಿ ಜಾರುತ್ತಾ ಹೋಗಬೇಕು.

ವಿಮಿಕ್ಸ್‌ನಲ್ಲಿ ‘ಮರ್ಜ್’ ಟ್ರಾನ್ಸಿಷನ್ ಇದೆ. ಎರಡೂ ಲೇಔಟ್‌ಗಳಲ್ಲಿ ಅದೇ ಇನ್‌ಪುಟ್ ಇದ್ದರೆ ಅದನ್ನು ಹಳೆಯ ಜಾಗದಿಂದ ಹೊಸ ಜಾಗಕ್ಕೆ ಜಾರಿಸುತ್ತದೆ. ಒಬಿಎಸ್‌ಗೆ ‘ಮೂವ್’ ಪ್ಲಗಿನ್ ಬೇಕು. ಅದರ ಟ್ರಾನ್ಸಿಷನ್ ಎರಡು ಸೀನ್‌ಗಳ ನಡುವೆ ಇದೇ ಕೆಲಸ ಮಾಡುತ್ತದೆ. ಅದರದೇ ‘ಮೂವ್ ಸೋರ್ಸ್’ ಫಿಲ್ಟರನ್ನು ಸೀನ್ ಮೇಲೆ ಹಾಕಿ, ಲೇಯರನ್ನು ಬೇಕಾದಲ್ಲಿಟ್ಟು ‘ಗೆಟ್ ಟ್ರಾನ್ಸ್‌ಫಾರ್ಮ್’ ಒತ್ತಿದರೆ ಆ ಜಾಗ ಫಿಲ್ಟರ್‌ನಲ್ಲಿ ಸೇವ್ ಆಗುತ್ತದೆ. ಹಾಟ್‌ಕೀ ಕೊಟ್ಟರೆ ಒಂದೇ ಸೀನ್‌ನಲ್ಲಿ ಮೂರ್ನಾಲ್ಕು ಜಾಗದ ಪ್ರೀಸೆಟ್ ಸಿಕ್ಕಂತಾಯಿತು. 300 ಮಿಲಿಸೆಕೆಂಡ್ ಅವಸರವೆನಿಸುತ್ತದೆ, 500ರಿಂದ 700ರವರೆಗೆ ಇಟ್ಟು ನೋಡಿ. ಸ್ಲಾಟ್ ವಿಧಾನ ಹಿಡಿದವರಿಗೆ ಇಲ್ಲಿ ಲಾಭ: ಎರಡೂ ಲೇಔಟ್‌ಗಳಲ್ಲಿ ‘ಸ್ಲಾಟ್ ಎ’ ಎಂಬ ಅದೇ ಹೆಸರಿರುವುದರಿಂದ ಜೋಡಿ ತಪ್ಪುವುದಿಲ್ಲ.

ಜೇಸನ್ ಫೈಲನ್ನು ಕೈಯಾರೆ ತಿದ್ದಬಹುದೇ?

ಒಬಿಎಸ್ ಮುಚ್ಚಿದ ಮೇಲೆ ಮಾತ್ರ. ತೆರೆದಿಟ್ಟು ತಿದ್ದಿದರೆ ಮುಚ್ಚುವಾಗ ಅದು ತನ್ನ ನೆನಪಿನಲ್ಲಿರುವುದನ್ನು ನಿಮ್ಮ ತಿದ್ದುಪಡಿಯ ಮೇಲೆ ಬರೆದುಬಿಡುತ್ತದೆ. ನಕಲು ಮಾಡುವುದಿದ್ದರೆ ಫೈಲ್ ಹೆಸರು ಬದಲಿಸಿದರೆ ಸಾಲದು, ಒಳಗಿನ ‘ನೇಮ್’ ಸಾಲನ್ನೂ ಬದಲಿಸಬೇಕು. ಇಷ್ಟೆಲ್ಲ ಏಕೆ, ‘ಸೀನ್ ಕಲೆಕ್ಷನ್’ ಮೆನುವಿನ ‘ಡುಪ್ಲಿಕೇಟ್’ ಇದೆಯಲ್ಲ.

ಯಾರೋ ಮೌಸ್ ತಾಗಿಸಿ ಲೇಔಟ್ ಕೆಡಿಸುತ್ತಾರೆ.

ಪಟ್ಟಿಯಲ್ಲಿ ಐಟಂ ಪಕ್ಕದ ಬೀಗದ ಗುರುತು ಒತ್ತಿ, ಇಡೀ ಪ್ರಿವ್ಯೂಗೆ ಬೇಕಾದರೆ ‘ಎಡಿಟ್’ ಮೆನುವಿನಲ್ಲಿ ‘ಲಾಕ್ ಪ್ರಿವ್ಯೂ’ ಇದೆ. ಆದರೂ ಜರುಗಿತೇ, ಕಂಟ್ರೋಲ್ ಮತ್ತು ಝಡ್ ಒತ್ತಿ. 2021ರಲ್ಲಿ ಬಂದ 27ನೇ ಆವೃತ್ತಿಯಿಂದ ಈಚೆಗೆ ಒಬಿಎಸ್‌ನಲ್ಲಿ ಅನ್‌ಡೂ ಇದೆ. ಕಾರ್ಯಕ್ರಮ ಶುರುವಾಗುವ ಮೊದಲು ಒಮ್ಮೆ ಕಲೆಕ್ಷನ್ ಎಕ್ಸ್‌ಪೋರ್ಟ್ ಮಾಡಿ, ಫೈಲ್ ಹೆಸರಿನಲ್ಲಿ ದಿನಾಂಕವನ್ನು ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ಬರೆಯಿರಿ. ಹೆಸರಿನ ಪ್ರಕಾರ ಜೋಡಿಸಿದಾಗ ಹೊಸದು ತಾನಾಗಿ ಕೊನೆಗೆ ಬಂದು ನಿಲ್ಲುತ್ತದೆ.